ನದಿಯ ಹಾಜರಿ ಪುಸ್ತಕ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೀನು ಹೊಸ ವಿಷಯವಲ್ಲ. ಬೆಳಗಾಗುತ್ತಲೇ ಫೋಂಡಾದ ಮಾರುಕಟ್ಟೆಯಲ್ಲಿ ಬಂಗಡೆ, ಇಸವಾಣಗಳ ದರವೇ ಮೊದಲ ಸುದ್ದಿ. ಮೀನು ತಿನ್ನದ ನಮ್ಮಂಥ ಮನೆಯವರಿಗೂ ಅದು ಕಿವಿಗೆ ಬೀಳದೆ ಇರದು. ಇಂಥ ಊರಿನಲ್ಲಿ, ಗಂಟೆಗಟ್ಟಲೆ ಕಾದು ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವವರಿದ್ದಾರೆಂದರೆ ಯಾರು ನಂಬುವರು? ನಾನು ಅದನ್ನು ಕಣ್ಣಾರೆ ಕಂಡದ್ದು ಎಪ್ಪತ್ತು ದಾಟಿದ ಮೇಲೆ.

2021ರ ಡಿಸೆಂಬರಿನಲ್ಲಿ ನನ್ನ ಮಗ ಬೆಂಗಳೂರಿನಿಂದ ಒಂದು ಕ್ಯಾರವಾನನ್ನು ಬಾಡಿಗೆಗೆ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ಪದ್ಧತಿ ಆಗ ಬೇರೂರಿತ್ತು. ಆತನಿಗೆ ಆ ಮನೆಯೇ ಗಾಲಿಗಳ ಮೇಲೆ ಚಲಿಸಿದರೇನು ಎಂಬ ಹುಮ್ಮಸ್ಸು. ಒಳಗೆ ಮಲಗುವ ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ, ಲ್ಯಾಪ್‌ಟಾಪ್ ಇಡಲು ಮಡಿಚುವ ಮೇಜು. ಶ್ರೀಮತಿಯವರನ್ನೂ ಕರೆದುಕೊಂಡು ಅನಮೋಡ ಘಟ್ಟವನ್ನು ಹತ್ತಿ, ಧಾರವಾಡ, ಶಿವಮೊಗ್ಗಗಳ ಮಾರ್ಗವಾಗಿ ಮಲೆನಾಡನ್ನು ಹೊಕ್ಕೆವು. ಸಂಪರ್ಕಜಾಲ ದೊರೆತಲ್ಲಿ ಗಾಡಿ ನಿಲ್ಲುತ್ತಿತ್ತು. ಮಗ ಮಧ್ಯಾಹ್ನದವರೆಗೆ ಕಚೇರಿಯ ಸಭೆಗಳಲ್ಲಿ ಮುಳುಗಿರುತ್ತಿದ್ದ. ನಾವಿಬ್ಬರೂ ಹೊಳೆಯ ದಂಡೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು.

ತೀರ್ಥಹಳ್ಳಿಯ ಸಮೀಪ ತುಂಗೆಯ ಛಿಬ್ಬಲಗುಡ್ಡೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿದೆವು. ತೋಳುದ್ದದ ಮೀನುಗಳು ಮೆಟ್ಟಿಲಿನವರೆಗೂ ಬಂದು ನಿರ್ಭಯವಾಗಿ ಬಾಯ್ದೆರೆದವು. ಶೃಂಗೇರಿಯಲ್ಲಿಯೂ ಅದೇ ನೋಟ. ಈ ಮಡುಗಳಲ್ಲಿ ಗಾಳ ಹಾಕುವಂತಿಲ್ಲ; ಕಾನೂನಿಗಿಂತ ಮೊದಲೇ ಭಕ್ತಿ ಅಲ್ಲಿ ಕಾವಲು ನಿಂತಿದೆ. ಆದರೆ ಭಕ್ತಿಯ ಕಾವಲೂ ಎಲ್ಲ ಕಾಲಕ್ಕೂ ಸಾಲದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ಕಪಿಲಾ ನದಿಗೆ ವಿಷ ಬೆರೆತು ದೇವರ ಮೀನುಗಳು ಹಿಂಡುಹಿಂಡಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲಿನ ಜನ ಸ್ಮಾರಕವನ್ನೇ ಕಟ್ಟಿದ್ದಾರೆ.

ಅಲ್ಲಿಂದ ಕೊಡಗಿಗೆ ಇಳಿದೆವು. ಕಾವೇರಿಯ ದಂಡೆಯ ಒಂದು ಕಾಫಿ ತೋಟದಲ್ಲಿ ಬಿಡಾರ. ಮಗ ಅನುಮತಿ ಪತ್ರ ಪಡೆದು, ಸಂಜೆ ಕಚೇರಿಯ ಕೆಲಸ ಮುಗಿದ ಬಳಿಕ ಮೊಣಕಾಲುದ್ದ ನೀರಿಗಿಳಿದು ಗಾಳದ ಕೋಲನ್ನು ಬೀಸುತ್ತಿದ್ದ. ಅದಕ್ಕೆ ಎರೆಹುಳುವಿಲ್ಲ, ಸೀಸದ ಗುಂಡಿಲ್ಲ. ಗರಿ ಮತ್ತು ದಾರಗಳನ್ನು ಗಾಳಕ್ಕೆ ಸುತ್ತಿ ಮಾಡಿದ ಹುಸಿ ನೊಣವೇ ಎರೆ. ನೊಣಕ್ಕೆ ತೂಕವಿಲ್ಲದ್ದರಿಂದ ದಪ್ಪನೆಯ ದಾರದ ಭಾರದಿಂದಲೇ ಅದನ್ನು ದೂರಕ್ಕೆ ಚಿಮ್ಮಿಸಬೇಕು. ಮೂರನೆಯ ಸಂಜೆ ಗೇಣಿಗಿಂತ ಸ್ವಲ್ಪ ಉದ್ದದ ಮಹಶೀರ್ ಸಿಕ್ಕಿತು. ಕೈಯನ್ನು ಮೊದಲು ಒದ್ದೆ ಮಾಡಿಕೊಂಡು, ಮುಳ್ಳಿಲ್ಲದ ಗಾಳವನ್ನು ಸರಕ್ಕನೆ ಬಿಡಿಸಿ, ಮೀನಿನ ಮುಖವನ್ನು ಪ್ರವಾಹಕ್ಕೆ ಎದುರಾಗಿ ಹಿಡಿದ. ಅದು ತಾನಾಗಿ ಬಾಲ ಬೀಸುವವರೆಗೆ ಕಾದು ಕೈ ಸಡಿಲಿಸಿದ.

ಶ್ರೀಮತಿಯವರು ದಂಡೆಯಿಂದಲೇ ಕೇಳಿದರು: “ತಿನ್ನೂದಿಲ್ಲಂದ್ರ ಅದರ ಬಾಯಿಗೆ ಯಾಕ ಚುಚ್ಚಬೇಕಪ್ಪಾ?”

ಮಗ ಉತ್ತರಿಸಲಿಲ್ಲ. ಚೀಲದಿಂದ ಒಂದು ಪುಟ್ಟ ವಹಿಯನ್ನು ತೆಗೆದು ದಿನಾಂಕ, ವೇಳೆ, ಮೀನಿನ ಉದ್ದ, ರೆಕ್ಕೆಯ ಬಣ್ಣ ಇಷ್ಟನ್ನು ಬರೆದುಕೊಂಡ. ಆ ವಹಿ ನನ್ನನ್ನು ಸೆಳೆಯಿತು. ಜೀವಮಾನವಿಡೀ ಹಾಜರಿ ಕರೆದವನಿಗೆ ಅದರ ಗುರುತು ಹತ್ತದೆ ಇದ್ದೀತೇ?

ಕಾವೇರಿಯ ಮಹಶೀರನ್ನು ಕನ್ನಡದಲ್ಲಿ ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಆಮೇಲೆ ಅಣೆಕಟ್ಟುಗಳೂ ಸಿಡಿಮದ್ದಿನ ಬೇಟೆಯೂ ಹೆಚ್ಚಿ, ಆ ಮೀನು ಮುಗಿದೇಹೋಯಿತೆಂದು ಹಲವರು ಎಣಿಸಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಮೂವರು ತರುಣರು ಕಾವೇರಿಯಲ್ಲಿ ಅದನ್ನು ಮತ್ತೆ ಹಿಡಿದು ತೋರಿಸಿದರು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಮೀನು ಹಿಡಿದು ಬಿಡುವ ಬಿಡಾರಗಳು ಎದ್ದವು. ಅಲ್ಲಿ ಗಾಳಕ್ಕೆ ಕಟ್ಟುತ್ತಿದ್ದದ್ದು ನಮ್ಮ ರಾಗಿಮುದ್ದೆಯನ್ನೇ! ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಮಾರ್ಗದರ್ಶಕರ, ಕಾವಲುಗಾರರ ಕೆಲಸ ದೊರೆಯಿತು.

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಇಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವದು. ಒಟ್ಟು ಸಂಖ್ಯೆಯನ್ನು ನೋಡಿದರೆ ಸಂತೋಷಪಡಬೇಕು, ಮೀನು ಹೆಚ್ಚಿತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ. ಮಹಶೀರನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ ಮರಿಕೇಂದ್ರಗಳಿಂದ ತಂದು ಬಿಟ್ಟದ್ದು. ಕಾವೇರಿಯದೇ ಆದ, ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಬಿಳಿಮೀನು ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಿತ್ತು. ಅದು ‘ಟಾರ್ ರೆಮಾದೇವಿಐ’ ಎಂಬ ಪ್ರಭೇದವೆಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಶಾಲೆಯಲ್ಲಿಯೂ ಹೀಗೆಯೇ ಆಗುತ್ತದೆ. ತರಗತಿಯ ಒಟ್ಟು ಹಾಜರಿ ನಲವತ್ತು ಎಂದು ಬರೆದು ಇನ್‌ಸ್ಪೆಕ್ಟರರಿಗೆ ತೋರಿಸಬಹುದು. ಹೊಲದ ಕೆಲಸಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡ ಹುಡುಗಿಯ ವಿಷಯ ತಿಳಿಯಬೇಕಾದರೆ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಉತ್ತರ ಬಾರದಿದ್ದಾಗಲೇ ಶಿಕ್ಷಕನು ಅವಳ ಮನೆಯ ಬಾಗಿಲಿಗೆ ಹೋಗುವನು.

ಅಭಯಾರಣ್ಯದಲ್ಲಿ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಸರಿ ಎಂದು ನಿರ್ಣಯವಾಗಿ, ಕಾವೇರಿಯ ಆ ಗಾಳದ ಬಿಡಾರಗಳು ನಿಂತವು. ಕಾಯ್ದೆಯ ದೃಷ್ಟಿ ನ್ಯಾಯವಾದದ್ದೇ. ಮೀನಿನ ಬಾಯಿಗೆ ನೋವಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಗಾಳದೊಂದಿಗೆ ವಹಿಯೂ ಹೋಯಿತು, ಹಗಲಿರುಳು ನದಿಯ ದಂಡೆಯಲ್ಲಿದ್ದ ಕಣ್ಣುಗಳೂ ಹೋದವು. ಶ್ರೀಮತಿಯವರ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ತುಂಗೆಯ ಭಕ್ತನೂ ಕಾವೇರಿಯ ಗಾಳಗಾರನೂ ಒಂದು ಕೆಲಸವನ್ನು ಸಮಾನವಾಗಿ ಮಾಡಿದ್ದಾರೆ. ಇಬ್ಬರೂ ದಿನವೂ ನದಿಯನ್ನು ನೋಡಿದ್ದಾರೆ. ಯಾರೂ ನೋಡದ ನದಿಯಲ್ಲಿ ಒಂದು ಜೀವ ಕಾಣೆಯಾದರೆ ಅದು ಯಾರಿಗೂ ತಿಳಿಯುವುದಿಲ್ಲ.

ಫೋಂಡಾದ ನಮ್ಮ ನಲ್ಲಿಗಳಿಗೆ ನೀರು ಬರುವುದು ಓಪಾದಿಂದ, ಖಾಂಡೇಪಾರ ನದಿಯಿಂದ. ದೂಧಸಾಗರದ ನೀರು ಘಟ್ಟದ ಮೇಲಣ ಕನ್ನಡ ನಾಡಿನಿಂದ ಇಳಿದು ಈ ನದಿಯನ್ನು ಸೇರುತ್ತದೆ. ಪ್ರವಾಸದಿಂದ ಮರಳಿದ ಮೇಲೆ ನಾನು ನೂರು ಪುಟಗಳ ಒಂದು ವಹಿ ಕೊಂಡಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ನದಿಯ ಬಳಿಗೆ ಹೋಗಿ ನೀರಿನ ಮಟ್ಟ, ಬಣ್ಣ, ಕಂಡ ಹಕ್ಕಿಗಳನ್ನು ಬರೆಯುತ್ತೇನೆ. ಬಲೆ ಹಿಡಿದು ಬರುವವರನ್ನು ಕೇಳಿ ಮೀನುಗಳ ಕೊಂಕಣಿ ಹೆಸರುಗಳನ್ನೂ ಕಲಿಯುತ್ತಿದ್ದೇನೆ. ಸಂಘದ ಮಕ್ಕಳಲ್ಲಿ ಯಾರಾದರೂ ಜೊತೆಗೆ ಬರುವುದಾದರೆ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಒಂದು ಪೆನ್ಸಿಲ್ ತಂದರೆ ಸಾಕು.