ಮಲ್ಪೆಯಾಚೆಯ ಕಲ್ಗಂಬಗಳು

ಉಡುಪಿಗೆ ಹೋದವರು ಶ್ರೀಕೃಷ್ಣನ ದರ್ಶನ ಮುಗಿಸಿ ಊರಿಗೆ ಹೊರಡುವುದು ವಾಡಿಕೆ. ಅರ್ಧ ದಿನದ ಬಿಡುವಿದ್ದರೆ ಮಲ್ಪೆಗೆ ಹೋಗಿ ದೋಣಿ ಹತ್ತಬೇಕು. ಬಂದರಿನ ಮೀನಿನ ವಾಸನೆ ಹಿಂದೆ ಸರಿದು ಉಪ್ಪುಗಾಳಿ ಮುಖಕ್ಕೆ ತಾಗುತ್ತಿರುವಂತೆಯೇ, ಕಡಲ ನಡುವೆ ತೆಂಗಿನ ತಲೆಗಳು ಕಾಣಿಸಿಕೊಳ್ಳುತ್ತವೆ. ಅದೇ ಸೇಂಟ್ ಮೇರೀಸ್ ದ್ವೀಪ.

1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಶಿಲುಬೆ ನೆಟ್ಟು, ಸಂತ ಮೇರಿಯ ಹೆಸರಿಟ್ಟನೆಂಬುದು ಪ್ರತೀತಿ. ತೋನ್ಸೆಪಾರ್ ಎಂಬ ನಾಡಹೆಸರೂ ಇದಕ್ಕುಂಟು. ಹೆಸರುಗಳ ಈ ಪೈಪೋಟಿಯನ್ನು ಅಲ್ಲಿನ ಶಿಲೆ ಲೆಕ್ಕಿಸಿದಂತಿಲ್ಲ. ಐದಾರು ಮುಖಗಳ ಕಂಬಗಳು, ಶಿಲ್ಪಿ ಕಡೆದು ಜೋಡಿಸಿಟ್ಟಂತೆ, ಅಲೆಗಳಿಗೆದುರಾಗಿ ನಿಂತಿವೆ. ಕಡೆದವನು ಯಾವ ಜಕಣನೂ ಅಲ್ಲ. ಕುದಿಯುವ ಶಿಲಾರಸ ಆರುತ್ತ, ಕುಗ್ಗುತ್ತ, ಬೇಸಗೆಯ ಕೆರೆಯಂಗಳದ ಕೆಸರಿನಂತೆ ಬಿರಿದು ಆದ ಕಂಬಗಳಿವು. ಅದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಈಗ ಆಫ್ರಿಕಾದ ಮಗ್ಗುಲಲ್ಲಿರುವ ಮಡಗಾಸ್ಕರ್ ಹಿಂದೊಮ್ಮೆ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಅಗಲಿದ ಕಾಲದ ಬೆಂಕಿಯೇ ಇಲ್ಲಿ ಕಲ್ಲಾಗಿದೆಯೆಂದು ಭೂವಿಜ್ಞಾನಿಗಳ ಮತ. ಒಡಹುಟ್ಟಿದವರು ಬೇರೆಯಾದುದಕ್ಕೆ ಉಳಿದ ಸಾಕ್ಷಿಪತ್ರವಿದು.

ದ್ವೀಪದಲ್ಲಿ ಜನವಸತಿಯಿಲ್ಲ, ರಾತ್ರಿ ತಂಗುವಂತಿಲ್ಲ. ಮಳೆಗಾಲದಲ್ಲಿ ದೋಣಿಯೂ ಇಲ್ಲ. ಉಳಿದ ದಿನಗಳಲ್ಲಿ ತೆಂಗಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ಚಿಪ್ಪುಗಳು ಹಾಸಿದ ದಡದಲ್ಲಿ ಅಡ್ಡಾಡಿ, ಸಂಜೆಯೊಳಗೆ ಹಿಂದಿರುಗಬಹುದು. ಕೆಲವು ಗಳಿಗೆಯ ಅತಿಥಿಗಳಾದ ನಾವು ಆ ಸಾಕ್ಷಿಪತ್ರದ ಮೇಲೆ ನಮ್ಮ ಹೆಸರನ್ನು ಗೀಚದೆ, ಚಿಪ್ಪುಗಳನ್ನು ಚೀಲಕ್ಕೆ ತುಂಬದೆ ಬಂದರೆ, ಅದೇ ದ್ವೀಪಕ್ಕೆ ಸಲ್ಲಿಸುವ ಗೌರವ.