300 ಮೆಟ್ಟಿಲು ಬಾಕಿ

ಬ್ಯಾಂಕಿನಲ್ಲಿದ್ದಷ್ಟು ವರ್ಷ ಸಂಜೆ ಲೆಕ್ಕ ತಾಳೆಯಾಗದೆ ನಾನು ಎದ್ದವನಲ್ಲ. ನನ್ನಾಕೆ ಮಾತ್ರ ಒಂದು ಲೆಕ್ಕ ಬಾಕಿ ಇಟ್ಟು ಹೋದಳು.

ಮಕ್ಕಳೇ, ಚಾಮುಂಡಿ ಬೆಟ್ಟಕ್ಕೆ ನೀವು ಬಸ್ಸಿನಲ್ಲಿ ಹೋಗಿರಬಹುದು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ 1000 ಮೆಟ್ಟಿಲೂ ಇವೆ. ಅಷ್ಟಕ್ಕೂ ಅರಿಶಿನ ಕುಂಕುಮ ಹಚ್ಚುವ ಹರಕೆ ಅವಳದು. ಮಂಡಿನೋವು. ದೊಡ್ಡ ನಂದಿಯ ಹತ್ತಿರ, ಅಂದರೆ 700ರ ಸುಮಾರಿಗೆ, ಕೂತುಬಿಟ್ಟಳು. "ಉಳಿದದ್ದು ಮುಂದಿನ ಸಲ ರೀ" ಅಂದಳು. ಮುಂದಿನ ಸಲ ಬರಲಿಲ್ಲ.

ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತುವುದಿಲ್ಲ, ನಮ್ಮಲ್ಲಿ ಹಾಗೆ. ಬೆಟ್ಟವಿರಲಿ, ನಾನು ಗೇಟು ದಾಟುವುದನ್ನೂ ಬಿಟ್ಟೆ. 13ನೇ ದಿನ ಎಲ್ಲರೂ ಉಂಡು ಹೋದ ಮೇಲೆ ಮನೆ ಎಷ್ಟು ದೊಡ್ಡದೆನಿಸಿತೆಂದರೆ... ಇರಲಿ. ಮರುದಿನ ಬೆಳಿಗ್ಗೆ 6ಕ್ಕೆ ಪಕ್ಕದ ಮನೆಯ ಮೇಷ್ಟ್ರು ಬಂದು, ನನ್ನ ಚಪ್ಪಲಿಯನ್ನು ಹೊಸಿಲ ಮುಂದಿಟ್ಟು ನಿಂತರು. ಸಮಾಧಾನದ ಒಂದು ಮಾತೂ ಇಲ್ಲ. ಪಾರ್ಕಿನಲ್ಲಿ ಒಂದು ಸುತ್ತು, ಆಮೇಲೆ ಎರಡು, ಮೂರು. ವರ್ಷವಿಡೀ ಹೀಗೆ.

ವರ್ಷಾಬ್ದಿಕ ಮುಗಿಯಿತು. ನಾನು, ಮೊಮ್ಮಗಳು, ಬೀದಿಯವರು ಒಂಬತ್ತು ಜನ ಹೊರಟೆವು. ನಂದಿಗೆ ಕೈಮುಗಿದು ಬಟ್ಟಲು ತೆಗೆದೆ. ನಾನು ಅರಿಶಿನ, ಅವಳು ಕುಂಕುಮ. ಬಗ್ಗುವುದು, ಹಚ್ಚುವುದು, ಏಳುವುದು. 74ರ ಸೊಂಟ ಕೇಳುತ್ತದೆಯೇ? ಬಟ್ಟಲು ಮೇಷ್ಟ್ರ ಕೈಗೆ, ಅಲ್ಲಿಂದ ಹೂ ಮಾರುವಾಕೆಯ ಕೈಗೆ ಹೋಗಿ, ಮತ್ತೆ ನನ್ನ ಕೈಗೆ ಬಂತು. ನಡುವೆ ಎಲ್ಲೋ ನಾನು ಅಳುತ್ತಿದ್ದೆ. ಬೆವರು ಅಂದುಕೊಂಡರೋ ಏನೋ, ಯಾರೂ ಕೇಳಲಿಲ್ಲ. ಮೇಷ್ಟ್ರು ಮಾತ್ರ ತಮ್ಮ ಟವೆಲ್ ಕೊಟ್ಟರು.

ಮೇಲೆ ತಲುಪಿದಾಗ ಮೊಮ್ಮಗಳು, "ತಾತ, ಎಷ್ಟು ಮೆಟ್ಟಿಲಾಯ್ತು?" ಎಂದಳು.

ಎಣಿಸುವುದನ್ನೇ ಮರೆತಿದ್ದೆ.