ಎಡವಟ್ಟನ ದಾರಿ

ಹುಚ್ಚಿಲ್ಲದ ಮನುಷ್ಯನಿಲ್ಲ. ಇಸ್ಪೀಟು, ನಶ್ಯ, ಗುಲಾಬಿ ಗಿಡ, ಹಳೆಯ ನಾಣ್ಯ, ಪಕ್ಕದ ಮನೆಯವರ ವ್ಯವಹಾರ, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಇವುಗಳಲ್ಲಿ ಸಮಾಜ ಒಪ್ಪಿದ ಹುಚ್ಚುಗಳಿವೆ, ಒಪ್ಪದ ಹುಚ್ಚುಗಳಿವೆ. ಒಪ್ಪಿದ್ದಕ್ಕೆ ಹವ್ಯಾಸ ಎಂದು ಹೆಸರು. ನಮ್ಮ ಚಳ್ಳಕೆರೆಯಲ್ಲಿ ಸಾಹಿತ್ಯದ ಹುಚ್ಚು ಹಿಡಿದವನಿಗೆ ಅಂಜಿಕೆಯಿಲ್ಲ, ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ತಳುಕು ಇದೇ ತಾಲ್ಲೂಕಿನಲ್ಲಿರುವಾಗ ಯಾರು ಏನೆಂದಾರು? ಬಯಲಾಟದ ಹುಚ್ಚಿನವನಿಗೆ ಊರೂರಲ್ಲೂ ಬಯಲಿದೆ. ಕ್ರಿಕೆಟ್ಟಿನ ಹುಚ್ಚಿನವನಿಗಂತೂ ದೇಶವೇ ಆಸ್ಪತ್ರೆ. ನನಗೆ ಹಿಡಿದದ್ದು ಈ ಯಾವುದೂ ಅಲ್ಲ. ಜಪಾನೀಯರು ಬರೆದು ಕುಣಿಸುವ ಚಿತ್ರಗಳ ಹುಚ್ಚು. ಅದನ್ನು ಅವರು ಅನಿಮೆ ಎನ್ನುತ್ತಾರೆ. ಇಂಗ್ಲಿಷಿನ ಅನಿಮೇಷನ್ ಎಂಬ ಮಾತನ್ನು ಸಾಲ ತಂದು, ಬಾಲ ಕತ್ತರಿಸಿ, ತಮ್ಮದು ಮಾಡಿಕೊಂಡಿದ್ದಾರೆ. ಬಸ್ ಸ್ಟ್ಯಾಂಡನ್ನು ಬಸ್ಟಾಂಡು ಮಾಡಿಕೊಂಡ ನಮಗೆ ಈ ಜಾಣತನ ಹೊಸದೇನಲ್ಲ.

ನನಗೀಗ 41 ವರ್ಷ. ಎಣ್ಣೆ ಮಿಲ್ಲುಗಳಿಗೂ ರೇಷ್ಮೆ ಅಂಗಡಿಗಳಿಗೂ ತೆರಿಗೆಯ ಲೆಕ್ಕ ಬರೆದುಕೊಡುವುದು ವೃತ್ತಿ. ಇಂಥವನಿಗೆ ಈ ರೋಗ ಎಲ್ಲಿಂದ ತಗುಲಿತೆಂದು ಕೇಳುವಿರಾದರೆ, ದೂರದರ್ಶನದಿಂದ. 1993ರಲ್ಲಿ ಭಾನುವಾರ ಬೆಳಿಗ್ಗೆ ಮೋಗ್ಲಿಯ ಕಥೆ ಬರುತ್ತಿತ್ತು. ಹಿಂದಿಯ ಗಂಧವಿಲ್ಲದ ನಮ್ಮ ಬೀದಿಯ ಹುಡುಗರೆಲ್ಲ ಗುಲ್ಜಾರರು ಬರೆದ ಅದರ ಹಾಡನ್ನು ಬಾಯಿಗೆ ಬಂದಂತೆ ಹಾಡುತ್ತಿದ್ದರು. ಅದು 1989ರಲ್ಲಿ ಜಪಾನಿನಲ್ಲಿ ತಯಾರಾದದ್ದೆಂದು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಮಗೆ ಜಪಾನು ಯಾವುದು, ಜಾಜೂರು ಯಾವುದು! ಉಳಿದ ಹುಡುಗರಿಗೆ ಮೀಸೆ ಬಂದೊಡನೆ ಅದು ಬಿಟ್ಟುಹೋಯಿತು. ನನಗೆ ಮೀಸೆ ಬಂತು, ಅದು ಹೋಗಲಿಲ್ಲ.

2004ರಲ್ಲಿ ಇಂಥ ಚಿತ್ರಗಳಿಗೇ ಮೀಸಲಾದ ಅನಿಮ್ಯಾಕ್ಸ್ ಎಂಬ ವಾಹಿನಿ ಭಾರತಕ್ಕೆ ಬಂತು. ಸುದ್ದಿ ಓದಿದ ದಿನವೇ ಬೀದಿಯ ಕೇಬಲ್ಲಿನವನ ಬಳಿಗೆ ಓಡಿದೆ.

“ಅದನ್ನ ಯಾರು ನೋಡ್ತಾರಣ್ಣ?” ಎಂದ.

“ನಾನು.”

“ಇನ್ಯಾರು?”

ಉತ್ತರ ಹೊಳೆಯದೆ ಹಿಂದಿರುಗಿದೆ. 2017ರಲ್ಲಿ ಆ ವಾಹಿನಿಯೂ ಮುಚ್ಚಿತು. ಅಷ್ಟರಲ್ಲಿ ಅಂಗೈಯ ಫೋನಿನಲ್ಲೇ ಜಗತ್ತು ಕಾಣುವ ಕಾಲ ಬಂದಿತ್ತು. ಕೇಬಲ್ಲಿನವನ ಹಂಗು ತಪ್ಪಿತು. ಆದರೆ ಅವನು ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ತಕಾಹತಾ ಇಸಾವೊ ನಿರ್ದೇಶಿಸಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ನೋಡಿದೆ. ಯುದ್ಧದ ಕೊನೆಯ ತಿಂಗಳುಗಳು, ಕೋಬೆ ಪಟ್ಟಣ ಬಾಂಬಿಗೆ ಸುಟ್ಟುಹೋಗಿದೆ, ತಾಯಿ ಸತ್ತಿದ್ದಾಳೆ, ಒಬ್ಬ ಹುಡುಗ ಪುಟ್ಟ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಅಲೆಯುತ್ತಾನೆ. ಪೆಪ್ಪರಮಿಂಟಿನ ಒಂದು ತಗಡಿನ ಡಬ್ಬಿ ಅವರ ಆಸ್ತಿ. ಉಳಿದದ್ದನ್ನು ಹೇಳಲಾರೆ. ನನ್ನ ಬಿಕ್ಕು ಕೇಳಿ ನನ್ನಾಕೆ ಎದ್ದುಬಂದಳು. ಫೋನನ್ನೂ ನನ್ನ ಮುಖವನ್ನೂ ನೋಡಿ, “ಮಕ್ಕಳ ಬೊಂಬೆ ನೋಡಿ ಅಳ್ತೀರಲ್ರೀ!” ಎಂದಳು. ಅದರಲ್ಲಿ ಹಂಗಿಸುವ ಧ್ವನಿಯಿರಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು ಹೋಗಿ ಮಲಗಿದಳು. ಬೆಳಿಗ್ಗೆ ಮಿಲ್ಲಿಗೆ ಹೋದೆ. ಕಡಲೆಕಾಯಿ ಧಾರಣೆಯ ಮಾತು ನಡೆದಿತ್ತು. ನಿನ್ನೆ ರಾತ್ರಿ ನಾನೊಂದು ನೋಡಿದೆ ಎಂಬ ಮಾತು ನಾಲಗೆಯ ತುದಿಗೆ ಬಂದು, ಹಿಂಡಿಯ ಚೀಲಗಳ ಮೇಲೆ ಕೂತಿದ್ದವರನ್ನು ನೋಡಿ ಒಳಗೆ ಹೋಯಿತು. ಅವರು ನಗುತ್ತಾರೆಂಬ ಭಯವಲ್ಲ. ನಕ್ಕರೆ ನಗಲಿ. ನನಗೆ ಬೇಕಾಗಿದ್ದುದು ಮೆಚ್ಚುವವರೂ ಅಲ್ಲ. ಆ ಅಣ್ಣ ಚಿಕ್ಕಮ್ಮನ ಮನೆ ಬಿಟ್ಟು ಹೊರಟದ್ದು ಸರಿಯೋ ತಪ್ಪೋ ಎಂದು ನನ್ನೊಡನೆ ಜಗಳವಾಡುವ ಒಬ್ಬನೇ ಒಬ್ಬ ಮನುಷ್ಯ. ಜಗಳಕ್ಕೂ ಜನ ಬೇಕಲ್ಲ!

ಜನವಿದ್ದರು, ದೂರದಲ್ಲಿದ್ದರು. 2019ರಲ್ಲಿ ಶಿಂಕಾಯ್ ಮಕೊಟೊ ಅವರ ‘ವೆದರಿಂಗ್ ವಿತ್ ಯು’ ಭಾರತದ ಚಿತ್ರಮಂದಿರಗಳಿಗೂ ಬರಬೇಕೆಂದು 50,000ಕ್ಕೂ ಹೆಚ್ಚು ಮಂದಿ ರುಜು ಹಾಕಿ ಮನವಿ ಮಾಡಿದರು. ಆ ಅಕ್ಟೋಬರಿನಲ್ಲಿ ಚಿತ್ರ ಬಂದೇಬಂತು. ಮಳೆ ನಿಲ್ಲದೆ ಸುರಿಯುವ ಟೋಕಿಯೊ, ಪ್ರಾರ್ಥಿಸಿ ಮೋಡ ಚದುರಿಸುವ ಒಬ್ಬ ಹುಡುಗಿ, ಇದು ಕಥೆ. ಚಳ್ಳಕೆರೆ ಸೀಮೆಯವನಿಗೆ ಇದಕ್ಕಿಂತ ದೊಡ್ಡ ಪುರಾಣ ಬೇಡ. ಆ ಹುಡುಗಿ ನಮ್ಮ ಕಡೆ ಬಂದಿದ್ದರೆ ಊರ ಬಾಗಿಲಲ್ಲೇ ಕೈಮುಗಿದು ಹಿಂದಕ್ಕೆ ಕಳಿಸುತ್ತಿದ್ದರು. ಅದಿರಲಿ. ಐವತ್ತು ಸಾವಿರದ ಸಂಖ್ಯೆ ಓದಿ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಅಷ್ಟು ಜನರಲ್ಲಿ ಒಬ್ಬನಾದರೂ ನನ್ನ ಬಸ್ಸಿನಲ್ಲಿ ಕೂತಿರಬಾರದೆ?

ಆ ಬಸ್ಸು ತಿಂಗಳಿಗೊಮ್ಮೆ ನನ್ನನ್ನು ಮೊಳಕಾಲ್ಮುರಿಗೆ ಒಯ್ಯುತ್ತದೆ. ತಳುಕು, ಬಿ.ಜಿ. ಕೆರೆ ದಾಟಿ, ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟರೆ ಬಂಡೆಗಳ ರಾಜ್ಯ. ಆ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ತನ್ನ ಮನಸ್ಸಿನ ಮಾತನ್ನು ಕೊರೆಸಿಟ್ಟ. ಎಷ್ಟೋ ಶತಮಾನ ಓದುವವರಿಲ್ಲದೆ ಕೂತಿದ್ದ ಆ ಅಕ್ಷರಗಳು 1892ರಲ್ಲಿ ಬಿ.ಎಲ್. ರೈಸರ ಕಣ್ಣಿಗೆ ಬಿದ್ದವು. ನಾನು ಅಷ್ಟು ಕಾಯಬೇಕಾಗಲಿಲ್ಲ.

2022ರಲ್ಲಿ, ಶ್ರಾವಣದ ವ್ಯಾಪಾರಕ್ಕೆ ಮುಂಚೆ, ರೇಷ್ಮೆ ಅಂಗಡಿಯವರು ಒಬ್ಬ ನೇಕಾರರ ಮನೆಗೆ ಏನೋ ಚೀಟಿ ಕೊಟ್ಟು ಕಳಿಸಿದರು. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಇಪ್ಪತ್ತರ ಆಸುಪಾಸಿನ ಹುಡುಗ ನೇಯುತ್ತಿದ್ದ. ಅವನ ಎಡಗಡೆಯ ಗೋಡೆಗೆ ಚೌಕಳಿ ಕಾಗದಗಳು ಅಂಟಿದ್ದವು. ಒಂದೊಂದು ಮನೆಗೂ ಬಣ್ಣ ತುಂಬಿ ಮಾಡಿದ ಮಾವಿನಕಾಯಿ, ನವಿಲು, ರುದ್ರಾಕ್ಷಿ. ಅವುಗಳ ನಡುವೆ ಕೊಂಚ ಮರೆಯಾಗಿ ಇನ್ನೊಂದು: ದಪ್ಪ ಹೊಟ್ಟೆ, ಮೊನಚು ಕಿವಿ, ದುಂಡು ಕಣ್ಣು.

“ತೊತೊರೊ ಅಲ್ವೇನಪ್ಪ ಇದು?”

ಲಾಳಿ ನಿಂತಿತು.

“ನಿಮಗೆ ಹೆಂಗೆ ಗೊತ್ತು ಸಾರ್?”

“ನಿನಗೆ ಹೆಂಗೆ ಗೊತ್ತೋ?”

ಇಬ್ಬರೂ ಕಳ್ಳರಂತೆ ಬಾಗಿಲ ಕಡೆ ನೋಡಿದೆವು. ಸೆರಗಿಗೆ ಹಾಕುವ ಯೋಚನೆಯೇ ಎಂದು ಕೇಳಿದೆ. “ಹಾಕಿದ್ರೆ ನಮ್ಮಪ್ಪ ಇದೇ ಗುಂಡಿಯಾಗೆ ಹೂಳ್ತಾನೆ ಸಾರ್” ಎಂದ. ಆ ದಿನ ಮೂರು ಬಸ್ಸು ಬಿಟ್ಟೆ.

ಆಮೇಲಿನದು ಬೇಗ ಬೆಳೆಯಿತು. ರಾಯದುರ್ಗದಲ್ಲಿ ಬಟ್ಟೆ ಹೊಲಿಯುವ, ತೆಲುಗಾಡುವ ಒಬ್ಬ ಗೆಳೆಯ ಅವನಿಗಿದ್ದ. ಅದೇ ಬೀದಿಯ ಒಬ್ಬ ಮೇಡಂ, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವರು, ಮಕ್ಕಳ ನೋಟುಬುಕ್ಕಿನ ಹಿಂದಿನ ಹಾಳೆಯ ಚಿತ್ರಗಳನ್ನು ಗುರುತು ಹಿಡಿದು ಸಿಕ್ಕಿಬಿದ್ದವರು. ತಿಂಗಳಿಗೊಂದು ಇದ್ದ ನನ್ನ ಮೊಳಕಾಲ್ಮುರು ಪ್ರಯಾಣ ಎರಡಾಯಿತು. ಎರಡನೆಯದು ಭಾನುವಾರ, ಲೆಕ್ಕಕ್ಕೆ ಸೇರದ್ದು. ಮಗ್ಗದ ಕೋಣೆಯಲ್ಲಿ ಹಳೆಯ ಟಿ.ವಿ., ಮಂಡಕ್ಕಿ ಮೆಣಸಿನಕಾಯಿ, ಕನ್ನಡ ತೆಲುಗು ಕಲಸಿದ ಜಗಳ. ತೊತೊರೊ ಚಿತ್ರವನ್ನೂ ನನ್ನನ್ನು ಅಳಿಸಿದ ಆ ಚಿತ್ರವನ್ನೂ 1988ರಲ್ಲಿ ಜಪಾನಿನಲ್ಲಿ ಜೋಡಿಯಾಗಿ ತೋರಿಸಿದರು. ಯಾವುದನ್ನು ಮೊದಲು ನೋಡುವುದು ನ್ಯಾಯ ಎಂಬ ವಿಷಯದಲ್ಲಿ ನಾವು ಎರಡು ಭಾನುವಾರ ಕಳೆದಿದ್ದೇವೆ. ಮೊದಲು ಅತ್ತು ಆಮೇಲೆ ನಗಬೇಕೆಂಬುದು ಮೇಡಮ್ಮಿನ ಪಕ್ಷ. ಇನ್ನೂ ತೀರ್ಮಾನವಾಗಿಲ್ಲ.

ಆ ಹುಡುಗ ನೋಡುವ ರೀತಿಯೇ ಬೇರೆ. ನಾನು ಕಥೆ ನೋಡುತ್ತಿದ್ದೆ. ಅವನು ಕೈ ನೋಡುತ್ತಿದ್ದ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರ ಓಡಬೇಕು. 1963ರಲ್ಲಿ ತೆಜುಕಾ ಒಸಾಮು ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ವಾರವಾರವೂ ಟಿ.ವಿ.ಗೆ ಒದಗಿಸಲು ಹೊರಟಾಗ ಅಷ್ಟು ಬರೆಯಲು ಹಣವೂ ಇಲ್ಲ, ಹೊತ್ತೂ ಇಲ್ಲ. ಒಂದೇ ಚಿತ್ರವನ್ನು ಮೂರು ಸಲ ಹಿಡಿದರು. ಮೈ ನಿಲ್ಲಿಸಿ ಬಾಯಿ ಮಾತ್ರ ಆಡಿಸಿದರು. ಬಡತನದ ಉಪಾಯ ಅಲ್ಲಿನ ಕಲೆಯ ಗುಣವೇ ಆಯಿತು. ಇದನ್ನು ನಾನು ಓದಿ ತಿಳಿದಿದ್ದೆ. ಹುಡುಗ ಓದದೆ ಹೇಳಿದ: “ನಮ್ಮ ಕಡೆ ತೊಗಲುಬೊಂಬೆಯೋರು ಮಾಡಾದೂ ಅದೇ ಅಲ್ವಾ ಸಾರ್? ರಾಮ ಇದ್ದಲ್ಲೇ ಇರ್ತಾನೆ, ಕೈಯೊಂದು ಆಡ್ತತೆ. ಉಳಿದಿದ್ದೆಲ್ಲ ನಾವೇ ತುಂಬ್ಕೋಬೇಕು.” ಇಪ್ಪತ್ತೈದು ವರ್ಷ ಪರದೇಶದ್ದೆಂದು ಬಚ್ಚಿಟ್ಟುಕೊಂಡು ಬಂದದ್ದನ್ನು ಅವನು ನಮ್ಮ ಬಯಲಿನ ಪರದೆಯ ಹಿಂದೆ ತಂದು ಕೂರಿಸಿಬಿಟ್ಟ.

ನಮ್ಮಂಥವರಿಗೆ ಜಪಾನಿನಲ್ಲಿ ಒಟಾಕು ಎನ್ನುತ್ತಾರೆ. 1983ರಲ್ಲಿ ಒಬ್ಬ ಲೇಖಕ ಪತ್ರಿಕೆಯಲ್ಲಿ ಗೇಲಿಗೆ ಇಟ್ಟ ಹೆಸರು. ಮೂಲಾರ್ಥ ‘ತಮ್ಮ ಮನೆ’. ತೀರ ಪರಿಚಯವಿಲ್ಲದವರನ್ನು ತಾವು ಎನ್ನುವಾಗ ಬಳಸುವ ಮರ್ಯಾದೆಯ ಮಾತು. ಈ ಹುಚ್ಚಿನವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಿದ್ದರಂತೆ. ಗೇಲಿಯೇನೋ ಸರಿ, ಆದರೆ ನನಗೆ ಅವರ ಅವಸ್ಥೆ ಅರ್ಥವಾಗುತ್ತದೆ. ಬಹುಕಾಲ ಒಬ್ಬನೇ ಇದ್ದವನಿಗೆ ಜೊತೆ ಸಿಕ್ಕೊಡನೆ ನೀನು ಎನ್ನಲು ಧೈರ್ಯ ಬರುವುದಿಲ್ಲ.

ಹುಡುಗನ ತಂದೆ ಮೊದಲೆಲ್ಲ ನಮ್ಮನ್ನು ಕಂಡರೆ ಕೆಮ್ಮಿ ಹೊರಗೆ ಹೋಗುತ್ತಿದ್ದರು. ಜಪಾನಿನ ಸಾಕೊ ಯುಗೊ ಮತ್ತು ನಮ್ಮ ರಾಮಮೋಹನ್ ಕೂಡಿ ಮಾಡಿದ ರಾಮಾಯಣದ ಚಿತ್ರವೊಂದಿದೆ. 1993ರಲ್ಲಿ ಇಲ್ಲಿನ ಚಿತ್ರೋತ್ಸವದಲ್ಲಿ ತೋರಿಸಿದ್ದು, 2025ರ ಜನವರಿಯಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂತು. ಅದನ್ನು ಹಾಕಿದ ಭಾನುವಾರ ರಾಮನ ಹೆಸರು ಕೇಳಿ ಹೊಸ್ತಿಲಲ್ಲಿ ಕೂತರು. ಮುಗಿದ ಮೇಲೆ ಇದಕ್ಕೆ ಎಷ್ಟು ಜನ ಬೇಕಾಯಿತೆಂದು ಕೇಳಿದರು. ಸುಮಾರು 450 ಕಲಾವಿದರು, 1 ಲಕ್ಷದಷ್ಟು ಚಿತ್ರಗಳು ಎಂದೆ. ಅಂಚಿಗೊಂದು ಒಡಲಿಗೊಂದು ಬಣ್ಣವೆಂದು ಮೂರು ಲಾಳಿ ಆಡಿಸಿ ದಿನಕ್ಕೆ ಇಷ್ಟಿಷ್ಟೇ ನೇಯ್ದು ಸೀರೆ ಮುಗಿಸುವ ಮನುಷ್ಯ ತಲೆದೂಗಿ, “ಕೂತು ಮಾಡಿರೋ ಕೆಲ್ಸ ಕಣಪ್ಪ” ಎಂದರು.

ಅವರೇ ಆ ಬೇಸಿಗೆಯಲ್ಲಿ ನನ್ನನ್ನು ಒಬ್ಬನನ್ನೇ ಕರೆದು ಕೂರಿಸಿಕೊಂಡರು. ಮಗನಿಗೆ ಬೆಂಗಳೂರಿನಲ್ಲಿ, ಚಿತ್ರಗಳನ್ನು ಕುಣಿಸುವ ಒಂದು ಕಡೆ, ಹಿನ್ನೆಲೆಗೆ ಬಣ್ಣ ತುಂಬುವ ಕೆಲಸ ಸಿಕ್ಕಿತ್ತು. “ಲೆಕ್ಕದೋರೆ, ಕಳಿಸ್ಲೋ ಬ್ಯಾಡ್ವೋ, ಲೆಕ್ಕ ಹಾಕಿ ಹೇಳಿ” ಎಂದರು. ಹಾಕಿದೆ. ಮಗ್ಗದ ಕೂಲಿ, ರೇಷ್ಮೆಯ ಬೆಲೆ, ನಿಲ್ಲುವ ಒಂದು ಮಗ್ಗದ ನಷ್ಟ ಒಂದು ಕಡೆ. ಸಂಬಳ, ಕೋಣೆಯ ಬಾಡಿಗೆ, ಊಟ ಇನ್ನೊಂದು ಕಡೆ. ನನ್ನ ಭಾನುವಾರಗಳನ್ನು ಯಾವ ಕಡೆಗೂ ಬರೆಯಲಿಲ್ಲ. “ಕಳಿಸಿ” ಎಂದೆ. ಚಳ್ಳಕೆರೆಯವರೆಗೂ ಕಿಟಕಿಯಾಚೆಯ ಬಂಡೆಗಳನ್ನು ನೋಡುತ್ತ ಬಂದೆ.

ಸೆಪ್ಟೆಂಬರಿನಲ್ಲಿ ಹುಡುಗ ನನ್ನನ್ನು ಬೆಂಗಳೂರಿಗೆ ಕರೆಸಿಕೊಂಡ. ‘ಡೀಮನ್ ಸ್ಲೇಯರ್’ ಕಥೆಯ ಹೊಸ ಚಿತ್ರ ದೇಶದಲ್ಲೆಲ್ಲ ಬಿಡುಗಡೆಯಾಗಿತ್ತು, ಚಿತ್ರಮಂದಿರ ತುಂಬಿತ್ತು. ಇದ್ದಿಲು ಮಾರುವ ಮನೆಯ ಆ ನಾಯಕನಂತೆ ಹಸಿರು ಕಪ್ಪು ಚೌಕಳಿಯ ಅಂಗಿ ತೊಟ್ಟವರೇ ಎಷ್ಟೋ ಮಂದಿ. ನಾಯಕ ಕತ್ತಿ ಹಿರಿದಾಗ ಛಾವಣಿ ಹಾರುವಂತೆ ಕೂಗಿದರು. ಕೇಬಲ್ಲಿನವನನ್ನು ತಂದು ತೋರಿಸೋಣವೆನ್ನಿಸಿತು. ಆದರೂ ಯಾಕೋ, ಅಷ್ಟು ಜನರ ನಡುವೆ ನನಗೆ ಕೊಂಚ ಸಂಕೋಚವೇ ಆಯಿತು; ಅವರಲ್ಲಿ ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗ ಮುಂದಿನ ಸಾಲಿನವನ ಬೆನ್ನಿಗೆ ಬಗ್ಗಿ, ನನ್ನ ಕಿವಿಯಲ್ಲಿ, “ಅಚ್ಚು ಹೊಡೆದಿದ್ದು ಸಾರ್, ನೇಯ್ದಿದ್ದಲ್ಲ” ಎಂದ.

ಈಗ ಮೊಳಕಾಲ್ಮುರಿನ ಭಾನುವಾರಗಳಿಗೆ ಮೇಡಂ ಇದ್ದಾರೆ, ರಾಯದುರ್ಗದವನು ಬಿಡುವಾದರೆ ಬರುತ್ತಾನೆ, ಹೊಸ್ತಿಲಲ್ಲಿದ್ದ ಹಿರಿಯರು ಒಳಗೆ ಬಂದಿದ್ದಾರೆ. ಮಗ ಬಿಟ್ಟುಹೋದ ಮಗ್ಗದ ಪಕ್ಕದ ಗೋಡೆಯಲ್ಲಿ ತೊತೊರೊ ಹಾಗೆಯೇ ಇದೆ. ಕಳೆದ ಸಲ ಮಿಯಾಝಾಕಿಯವರ 2001ರ ‘ಸ್ಪಿರಿಟೆಡ್ ಅವೇ’ ಹಾಕಿದ್ದೆವು. ಅರ್ಧಕ್ಕೆ ಕರೆಂಟು ಹೋಯಿತು. ಬುಧವಾರ ಮಿಲ್ಲಿನಲ್ಲಿ ಕೂತಿದ್ದಾಗ ಫೋನು.

“ಲೆಕ್ಕದೋರೆ, ಆ ಹುಡುಗಿ ಅಪ್ಪ ಅಮ್ಮ ಹಂದಿ ಆದ್ರಲ್ಲ, ಮತ್ತೆ ಮನುಷ್ಯರಾದ್ರೋ ಇಲ್ವೋ?”

ಹಿಂಡಿಯ ಚೀಲಗಳ ಮೇಲೆ ಕೂತಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು.

“ಭಾನುವಾರ ಬರ್ತೀನಿ, ಆಗ ನೋಡೋಣ” ಎಂದು ಗಟ್ಟಿಯಾಗಿಯೇ ಹೇಳಿದೆ.